ಪಿತ್ತಲಿನ ಪಕಾರ

ಎಲ್ಲಕ್ಕೂ ಕಾರಣ ಒಂದು ಪಕಾರ. ನಾವು ನೀವು ಹಬ್ಬ, ಹಾಲು, ಹಿತ್ತಲು ಅನ್ನುವ ಕಡೆ ಸಾವಿರ ವರ್ಷದ ಹಿಂದಿನವರು ಪಬ್ಬ, ಪಾಲು, ಪಿತ್ತಲು ಅನ್ನುತ್ತಿದ್ದರು. ಆಮೇಲೆ ಕನ್ನಡಿಗರ ತುಟಿ ಸೋಮಾರಿಯಾಗಿ ಪಕಾರವೆಲ್ಲ ಹಕಾರವಾಯಿತು. ಇದು ಪುಸ್ತಕದ ಮಾತು. ಆದರೆ ನೆಲಮಂಗಲದ ಹತ್ತಿರದ ಮಧುರೆಯ ಆಚೆಗಿನ ಒಂದು ಹಳ್ಳಿಯಲ್ಲಿ ಜನ ಇವತ್ತಿಗೂ ಪಬ್ಬ ಮಾಡುತ್ತಾರೆ, ಪಾಲು ಕಾಯಿಸುತ್ತಾರೆ ಎಂದು ಕೊಂಡಪ್ಪ ತನ್ನ ಎಂ.ಎ. ಪ್ರಬಂಧದಲ್ಲಿ ಬರೆದುಬಿಟ್ಟ.

ಕೊಂಡಪ್ಪನ ಮಾರ್ಗದರ್ಶಕರು ಆದಿನಾರಾಯಣಪ್ಪನವರು. ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಪಾಠ ಹೇಳಿದ ಮೇಲೆ ಅವರ ಪಾಲಿಗೆ ಬಂದ ಮೊದಲ ಪ್ರಬಂಧದ ವಿದ್ಯಾರ್ಥಿ ಇವನು. ತ್ಯಾಮಗೊಂಡ್ಲು ಕಡೆಯ ರೈತರ ಮಗ. ಪಾಸಾದರೆ ಇಂಟರ್‌ಮೀಡಿಯೆಟ್ ಕಾಲೇಜಿನಲ್ಲಿ ಕೆಲಸ ಕಾದಿತ್ತು. ಅವನನ್ನು ಆ ಹಳ್ಳಿಗೆ ಕಳಿಸಿದ್ದೂ ಅವರೇ. ಅವರ ಅಕ್ಕನನ್ನು ಅಲ್ಲಿಗೆ ಕೊಟ್ಟಿತ್ತು. ತಾವು ಎಂ.ಎ. ಓದುವಾಗ ಒಂದು ಬೇಸಿಗೆ ಅಲ್ಲೇ ಕಳೆದಿದ್ದರು. ಅಕ್ಕ ತೀರಿಕೊಂಡ ಮೇಲೆ ಆ ಕಡೆ ತಲೆ ಹಾಕಿರಲಿಲ್ಲ.

“ಆಗ ಈ ಪಕಾರ ನನ್ನ ಕಿವಿಗೇ ಬೀಳಲಿಲ್ವಲ್ಲಯ್ಯ,” ಎಂದು ಅವರು ಕೊಂಡಪ್ಪನ ಮುಂದೆ ಪೇಚಾಡಿದ್ದುಂಟು.

ಪ್ರಬಂಧ ಓದಿದ ಪರೀಕ್ಷಕ ಚಿನ್ನಸ್ವಾಮಿಯವರು ಒಂದು ಕಾರ್ಡು ಬರೆದರು. ಪಾಲು ತೆಲುಗಿನ ಗಾಳಿಯಿರಬಹುದು, ಪಿತ್ತಲು ಮಾತ್ರ ಅಲ್ಲಿಂದ ಬರುವಂಥದ್ದಲ್ಲ. ತಾವೇ ಬಂದು ಕಿವಿಯಾರೆ ಕೇಳಬೇಕು, ಕೇಳದೆ ಪಾಸು ಮಾಡುವುದಿಲ್ಲ.

ಹಾಗೆ ಮೂವರೂ ಹೊರಟರು. ಯುದ್ಧ ಮುಗಿದಿದ್ದರೂ ಪೆಟ್ರೋಲು ಸಿಗದೆ ಬಸ್ಸು ಇನ್ನೂ ಇದ್ದಿಲಿನ ಹೊಗೆಯಲ್ಲೇ ಓಡುತ್ತಿತ್ತು. ನೆಲಮಂಗಲ ಮುಟ್ಟುವ ಹೊತ್ತಿಗೆ ಚಿನ್ನಸ್ವಾಮಿಯವರ ಬಿಳಿ ರುಮಾಲು ಬೂದಿಬಣ್ಣಕ್ಕೆ ತಿರುಗಿತ್ತು. ಅಲ್ಲಿಂದ ಎತ್ತಿನ ಗಾಡಿ. ಪರೀಕ್ಷಕರ ಮುಖ ಬಿಗಿಯಾದಷ್ಟೂ ಆದಿನಾರಾಯಣಪ್ಪನವರ ಮಾತು ಹೆಚ್ಚಾಯಿತು.

ಹಳ್ಳಿಯಲ್ಲಿ ಇವರನ್ನು ಎದುರುಗೊಂಡವನು ಗಂಗಣ್ಣ. ಊರಿನಲ್ಲಿ ಯಾರ ಮನೆಯ ಕೆಲಸಕ್ಕೂ ಕರೆಯದೆ ಬರುವ ಮನುಷ್ಯ. ಕೈಮುಗಿದು, “ಬನ್ನಿ ಸ್ವಾಮಿ. ಮೊದ್ಲು ಹಾಲು ಕುಡೀರಿ. ಹಾಮೇಲೆ ಹಕ್ಕಿ ರೊಟ್ಟಿ ಹೈತೆ,” ಎಂದ.

ಚಿನ್ನಸ್ವಾಮಿಯವರು ಸಸ್ಯಾಹಾರಿಗಳು. ಅಕ್ಕಿ ರೊಟ್ಟಿಗೆ ಹಕಾರ ಅಂಟಿಕೊಂಡಿದೆ ಎಂದು ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಅಷ್ಟರಲ್ಲಿ ಅಕ್ಕಪಕ್ಕದವರೂ ಬಂದು ಸೇರಿದರು. ಎಲ್ಲರ ಬಾಯಲ್ಲೂ ಹಕಾರ. ಬೇಕಾದ ಕಡೆಯೂ, ಬೇಡದ ಕಡೆಯೂ.

“ಯುಗಾದಿ ಅಂದ್ರೆ ಏನಪ್ಪಾ ಗಂಗಣ್ಣ?” ಎಂದು ಆದಿನಾರಾಯಣಪ್ಪನವರು ದಾರಿಗೆ ತರಲು ನೋಡಿದರು.

“ಹುಗಾದಿ ಅಂದ್ರೆ ಹಬ್ಬ ಸ್ವಾಮಿ.”

ಚಿನ್ನಸ್ವಾಮಿಯವರು ಪುಸ್ತಕದಲ್ಲಿ ಏನೋ ಬರೆದು ಕೆಳಗೆ ಎರಡು ಗೆರೆ ಎಳೆದರು. ಕೊಂಡಪ್ಪನ ಮುಖ ಕಪ್ಪಿಟ್ಟಿತು. “ಹೋದ ತಿಂಗಳು ಇದೇ ಗಂಗಣ್ಣ ಪಬ್ಬ ಅಂದಿದ್ದ ಸಾರ್, ದೇವರಾಣೆಗೂ,” ಎಂದು ಪಿಸುಗುಟ್ಟಿದ.

ಆದಿನಾರಾಯಣಪ್ಪನವರು ಗಂಗಣ್ಣನನ್ನು ಪಕ್ಕಕ್ಕೆ ಕರೆದರು. “ಯಾಕಪ್ಪಾ ಹೀಗೆ ಮಾತಾಡ್ತೀರಿ ಎಲ್ಲಾರೂ?”

“ದೊಡ್ಡೋರು ಬತ್ತಾರೆ, ಊರ ಮಾನ ಓಗಬಾರ್ದು ಅಂತ ಒಂದು ವಾರದಿಂದ ಮನೆಮನೆಗೂ ಏಳಿಟ್ಟಿದೀನಿ. ಯಾರೂ ಪ ಅನ್ನಾಕಿಲ್ಲ, ನೀವು ಧೈರ್ಯವಾಗಿರಿ.”

“ಒಂದೇ ಒಂದು ಸಲ ಅನ್ನಪ್ಪಾ. ಆ ಹುಡುಗನ ಬದುಕು ಇದೆ ಇದರಲ್ಲಿ.”

“ಪ್ರಾಣ ಓದ್ರೂ ಇಲ್ಲ ಸ್ವಾಮಿ.”

ಬಿಸಿಲು ಇಳಿಯಿತು. ಚಿನ್ನಸ್ವಾಮಿಯವರು ಪುಸ್ತಕ ಮುಚ್ಚಿ ಗಾಡಿಯ ಕಡೆ ನಡೆದರು. ಒಂದು ಕಾಲು ಗಾಡಿಯ ಮೇಲೆ ಇಟ್ಟಿದ್ದರು, ಆಗ ಮನೆಯ ಹಿಂದಿನಿಂದ ಹೆಂಗಸಿನ ಕೂಗು ಕೇಳಿತು. ಕೂಗಿದವಳು ಕೇರಿಯ ಮುದುಕಿ ಮುನಿಲಕ್ಷ್ಮಮ್ಮ. ಕಿವಿ ಮಂದವಾದ ಅವಳಿಗೆ ಗಂಗಣ್ಣನ ಉಪದೇಶ ತಲುಪಿರಲಿಲ್ಲ.

“ಲೇ, ಎಮ್ಮೆ ಪಿತ್ತಲಿಗೆ ನುಗ್ತು, ಓಡಿಸ್ರಲಾ.”

ಚಿನ್ನಸ್ವಾಮಿಯವರು ಕಾಲು ಕೆಳಗಿಟ್ಟರು. ಪಿತ್ತಲು! ಆದಿನಾರಾಯಣಪ್ಪನವರಿಗೆ ಕಣ್ಣು ತುಂಬಿ ಬಂತು. ಹನ್ನೆರಡು ವರ್ಷದ ಮೇಷ್ಟ್ರುಗಿರಿ ಸಾರ್ಥಕವಾಯಿತು ಅನ್ನಿಸಿತು. ಎಮ್ಮೆ ಸೊಪ್ಪನ್ನೆಲ್ಲ ಮೇಯುತ್ತಿದ್ದರೂ ಯಾರೂ ಅದನ್ನು ಓಡಿಸಲಿಲ್ಲ.

“ತಾಯಿ, ಪಿತ್ತಲು ಅಂದ್ರಲ್ಲ. ಆ ಮಾತು ನಿಮಗೆ ಯಾರಿಂದ ಬಂತು? ನಿಮ್ಮ ಅಜ್ಜಿಯಿಂದಲೆ?” ಚಿನ್ನಸ್ವಾಮಿಯವರು ಅವಳ ಕಿವಿಯ ಹತ್ತಿರ ಬಾಗಿ ಕೇಳಿದರು.

“ನಮ್ಮಜ್ಜಿ ಇತ್ತಲು ಅಂತಿದ್ಲು ಬುದ್ಧಿ. ಇದು ಆ ಉಡುಗಂದು.”

“ಯಾವ ಹುಡುಗ?”

“ಪಕ್ಕದ ಮನೇಲಿ ದ್ಯಾವಮ್ಮ ಇದ್ಲಲ್ಲ, ಅವಳ ತಮ್ಮ. ಮೈಸೂರಲ್ಲಿ ಅದೇನೋ ಓದ್ತಿದ್ದ. ಬೇಸಿಗೇಲಿ ಬಂದು ಒಬ್ನೇ ಓಡಾಡ್ಕಂಡು, ಅಕ್ಕಾ ಪಾಲು ತಾ, ಪಿತ್ತಲಿಗೆ ಪೋಗಿ ಬರ್ತೀನಿ, ಪಬ್ಬ ಯಾವಾಗ, ಅಂತಿದ್ದ. ಓದಿ ಓದಿ ತಲೆ ಕೆಟ್ಟೈತೆ ಅನ್ಕಂಡ್ವಿ. ದ್ಯಾವಮ್ಮ ಅಳ್ತಿದ್ಲು, ನಗಬೇಡ್ರಮ್ಮ ಅಂತ. ಪಾಪ, ಅವನಿಗೆ ನೋವಾಗಬಾರ್ದು ಅಂತ ನಾವೂ ಅಂಗೇ ಮಾತಾಡಿದ್ವಿ. ಅವನು ಒಂಟೋದ, ಮಾತು ಉಳ್ಕಂತು. ನಮ್ಮ ಮಕ್ಕಳಿಗೆ ಅದೇ ರೂಢಿಯಾಯ್ತು.”

ಆದಿನಾರಾಯಣಪ್ಪನವರಿಗೆ ಆ ಬೇಸಿಗೆ ಕಣ್ಣೆದುರಿಗೆ ಬಂದು ನಿಂತಿತು. ಹಳಗನ್ನಡದ ಅಮಲು ತಲೆಗೇರಿದ್ದ ಇಪ್ಪತ್ತೆರಡು ವರ್ಷದ ತಾವು. ತಮ್ಮನ್ನು ಕಂಡು ಮೆಚ್ಚಿದ್ದಾರೆ ಎಂದುಕೊಂಡಿದ್ದ ಕೇರಿ. ತಮ್ಮ ಬಾಯಿ ತುಂಬ ಪಕಾರವಿದ್ದಾಗ ಅವರ ಪಕಾರ ಕಿವಿಗೆ ಬೀಳುವುದೆಲ್ಲಿಂದ? ನಾಚಿಕೆಯಿಂದ ನೆಲಕ್ಕಿಳಿದು ಹೋಗುವಂತಾಯಿತು. ಸುಮ್ಮನಿದ್ದರೆ ಹೆಸರು ಉಳಿಯುತ್ತಿತ್ತು. ಆದರೆ ಕೊಂಡಪ್ಪ ಸುಳ್ಳು ಬರೆದವನಂತೆ ತಲೆ ತಗ್ಗಿಸಿ ನಿಂತಿದ್ದ. ಅದನ್ನು ನೋಡಲಾಗಲಿಲ್ಲ.

“ಆ ಹುಡುಗ ನಾನೇ. ತಪ್ಪು ನನ್ನದು, ಇವನದಲ್ಲ,” ಎಂದರು.

ಮುನಿಲಕ್ಷ್ಮಮ್ಮ ಹತ್ತಿರ ಬಂದು ಅವರ ಮುಖ ದಿಟ್ಟಿಸಿದಳು. “ನೀನೇನಾ ಸ್ವಾಮಿ? ಈಗ ವಾಸಿ ಆಗೈತಾ?”

ನೆಲಮಂಗಲಕ್ಕೆ ಮರಳಿದರು. ಬಸ್ಸು ಕಾಯುವಾಗ ಚಿನ್ನಸ್ವಾಮಿಯವರು ಪುಸ್ತಕ ಮತ್ತೆ ಬಿಚ್ಚಿದರು. “ಹಳೇ ಮಾತು ಉಳಿದದ್ದನ್ನ ನೂರು ಜನ ಬರೆದಿದಾರೆ ಆದಿನಾರಾಯಣಪ್ಪನವರೇ. ಒಂದು ಮಾತು ಯಾವ ಬೇಸಿಗೇಲಿ, ಯಾರ ಬಾಯಿಂದ ಊರಿಗೆ ಹಬ್ಬಿತು ಅಂತ ಸಾಕ್ಷಿ ಸಮೇತ ಯಾರೂ ಬರೆದಿಲ್ಲ. ಕೊಂಡಪ್ಪ ಅದನ್ನ ಬರೀಲಿ. ನಾನು ಪಾಸು ಮಾಡ್ತೀನಿ.”

ಆದಿನಾರಾಯಣಪ್ಪನವರಿಗೆ ಹೋದ ಜೀವ ಬಂದಂತಾಯಿತು.

“ಒಂದೇ ತೊಡಕು,” ಎಂದು ಚಿನ್ನಸ್ವಾಮಿಯವರು ಮುಂದುವರಿಸಿದರು. “ಪ್ರಬಂಧದ ವಸ್ತುವೇ ಪ್ರಬಂಧಕ್ಕೆ ಮಾರ್ಗದರ್ಶಕ ಆಗೋ ಹಾಗಿಲ್ಲ. ಮೊದಲ ಪುಟಕ್ಕೆ ಬೇರೆಯವರನ್ನ ನೋಡೋಣ. ನಿಮ್ಮ ಹೆಸರು ಅನುಬಂಧದಲ್ಲಿರಲಿ, ಎಮ್ಮೆ ಪ್ರಸಂಗದ ಜೊತೆಗೆ.”

ರಾತ್ರಿ ಮನೆ ಮುಟ್ಟಿದಾಗ ಕೊಂಡಪ್ಪ ಹಿಂದೆಯೇ ಬಂದು ಪಡಸಾಲೆಯಲ್ಲಿ ಕೂತು ನೋಟುಪುಸ್ತಕ ಬಿಚ್ಚಿದ.

“ಸಾರ್, ತಪ್ಪು ತಿಳೀಬೇಡಿ. ಪಾಲು ಅನ್ನೋದು ತಮಗೆ ಎಷ್ಟು ದಿನ ಇತ್ತು?”

“ಒಂದು ಬೇಸಿಗೆ ಅಷ್ಟೇ ಕಣಯ್ಯ. ಆಮೇಲೆ ಬಿಟ್ಟುಹೋಯ್ತು.”

ಅಡುಗೆಮನೆಯಿಂದ ಹೆಂಡತಿ ಅನುಸೂಯಮ್ಮನವರು ಕಾಫಿ ಲೋಟ ಹಿಡಿದು ಬಂದರು. “ಎಲ್ಲಿ ಬಿಡ್ತು? ನಿದ್ದೇಲಿ ಈಗಲೂ ಹಾಗೇ ಮಾತಾಡ್ತಾರೆ. ಬರ್ಕೊಳ್ಳಪ್ಪ,” ಎಂದರು.

ಕೊಂಡಪ್ಪ ಬರೆದುಕೊಂಡ.