ಟೇಪು ಹಚ್ಚಿದ ಬಾಗಿಲು

ಕಾರಿಡಾರಿನಲ್ಲಿ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ನರ್ಸಮ್ಮ ತೀವ್ರ ನಿಗಾ ಘಟಕದ ಹಿಂಬಾಗಿಲ ಸಂದಿಗೆ ಮೂರನೆಯ ಸುತ್ತು ಟೇಪು ಹಚ್ಚುತ್ತಿದ್ದರು. ಹತ್ತೇ ಹೆಜ್ಜೆ ದೂರದಲ್ಲಿ ಹಳೆಯ ಗೋಡೆ ಒಡೆಯುತ್ತಿದ್ದರು. ಬಾಗಿಲ ಒಳಗೆ, ಮೂರನೇ ಮಂಚದಲ್ಲಿ, ಮೇಷ್ಟ್ರು. ಕಾಯಿಲೆ, ಔಷಧಿ ಎರಡೂ ಸೇರಿ ಅವರ ಮೈಯ ಕಾವಲನ್ನೆಲ್ಲ ಬರಿದು ಮಾಡಿದ್ದವು. ಹಳೇ ಗೋಡೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ಬೂಷ್ಟು ಇರುತ್ತದೆ. ಗಟ್ಟಿಮುಟ್ಟಾದವರು ಅದನ್ನು ಉಸಿರಾಡಿ ಮರೆಯುತ್ತಾರೆ. ಮೇಷ್ಟ್ರ ಎದೆಯೊಳಗೆ ಅದು ಬೇರುಬಿಟ್ಟರೆ ಜೀವಕ್ಕೇ ಕುತ್ತು.

"ಧೂಳು ಒಳಗೆ ಬರದಿದ್ರೆ ನಮ್ಮೆಜಮಾನ್ರು ಉಳೀತಾರಾ ಅಮ್ಮಾ?" ಬೆಳಿಗ್ಗೆ ಮೇಷ್ಟ್ರ ಹೆಂಡತಿ ಕೇಳಿದ್ದರು.

"ಧೂಳು ನಾನು ನೋಡ್ಕೋತೀನಿ. ಉಳಿದದ್ದು ಡಾಕ್ಟ್ರು ನೋಡ್ಕೋತಾರೆ."

ಆರು ತಿಂಗಳಿಂದ ಆ ಬಾಗಿಲನ್ನು ಯಾರೂ ತಿರುಗಿ ನೋಡಿರಲಿಲ್ಲ. ಟೇಪು ಬಿದ್ದದ್ದೇ ತಡ, ಅದಕ್ಕೆ ಹೊಸ ಮದುವಣಗಿತ್ತಿಯ ಕಳೆ ಬಂತು. ಮೊದಲು ಬಂದವನು ಕಚೇರಿಯ ಗುಮಾಸ್ತ.

"ಒಳಗೇನಿದೆ ಸಿಸ್ಟರ್?"

"ನಿನ್ನೆ ಇದ್ದದ್ದೇ."

"ಹಾಗಾದ್ರೆ ಯಾಕೆ ಮುಚ್ಚಿದ್ರಿ?" ಎನ್ನುತ್ತಲೇ ಉಗುರಿನಿಂದ ಟೇಪಿನ ತುದಿ ಎಬ್ಬಿಸಿದ. "ಸರಿಯಾಗಿ ಅಂಟಿದ್ಯಾ ಅಂತ ನೋಡ್ದೆ, ಅಷ್ಟೇ."

ನರ್ಸಮ್ಮ ಮತ್ತೆ ಒತ್ತಿ ಅಂಟಿಸಿದರು. ಗುಮಾಸ್ತನ ಬಾಯಿಗೆ ಅಂಟಿಸಲು ಟೇಪು ಸಾಲಲಿಲ್ಲ. ಮಧ್ಯಾಹ್ನದೊಳಗೆ ಆಸ್ಪತ್ರೆಯವರ ಬಾಯಲ್ಲಿ ಬಡ ಮೇಷ್ಟ್ರು ಮಂತ್ರಿಯಾಗಿದ್ದರು.

"ಅಕ್ಕಾ, ದೊಡ್ಡೋರು ಯಾರೋ ಒಳಗವ್ರಂತೆ? ಒಂದ್ಸಲ ಇಣುಕ್ತೀನಿ," ಎಂದು ಗೋಡೆ ಒಡೆಯುವ ಮೇಸ್ತ್ರಿ ಮೈತುಂಬ ಧೂಳು ಹೊತ್ತು ಬಂದ.

"ನೀನು ಇಣುಕಬಾರದು ಅಂತಾನೇ ಕಣಪ್ಪಾ ಇಷ್ಟೆಲ್ಲ!"

ನರ್ಸಮ್ಮ 'ಈ ಬಾಗಿಲು ತೆರೆಯಬೇಡಿ' ಎಂದು ಬರೆದು ಅಂಟಿಸಿದರು. ಅದನ್ನು ಓದುವುದಕ್ಕೇ ಇನ್ನಷ್ಟು ಜನ ಸೇರಿದರು.

ಮೂರು ಗಂಟೆಗೆ ಸೋಂಕು ತಡೆಯುವ ಸಮಿತಿ ಬಂತು. ಅಂತೂ ತಿಳಿದವರು ಬಂದರಲ್ಲ ಎಂದು ನರ್ಸಮ್ಮನ ಜೀವ ತಣ್ಣಗಾಯಿತು. ದೊಡ್ಡ ಡಾಕ್ಟರು ಟೇಪಿನ ಮೇಲೆ ಬೆರಳಾಡಿಸಿ, "ಎಷ್ಟು ಚೊಕ್ಕ ಕೆಲಸ!" ಎಂದರು.

"ಧೂಳು ಒಳಗೆ ಹೋಗಿಲ್ಲ ಅಂತ ಹೇಗ್ ಗೊತ್ತಾಗುತ್ತೆ ಸಾರ್?" ಸಮಿತಿಯವರೊಬ್ಬರಿಗೆ ಕುತೂಹಲ.

"ನೋಡಿದ್ರಾಯ್ತಪ್ಪ!" ಎನ್ನುತ್ತ ದೊಡ್ಡ ಡಾಕ್ಟರು ಟೇಪನ್ನು ಮೇಲಿಂದ ಕೆಳಗೆ ಪರ್ರನೆ ಕಿತ್ತರು.

ನರ್ಸಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. "ಸಾರ್, ದಮ್ಮಯ್ಯ, ಮುಂಬಾಗಿಲಿಂದ ಬನ್ನಿ!"

ಸಮಿತಿ ಸುತ್ತು ಹಾಕಿ ಹೋಗಿ ನೋಡಿತು. ಕಿಟಕಿಯಂಚಿನಲ್ಲೂ ಒಂದು ಕಣ ಧೂಳಿಲ್ಲ! ದೊಡ್ಡ ಡಾಕ್ಟರು ಹಿಗ್ಗಿ ಹೀರೇಕಾಯಿಯಾದರು.

"ಎಲ್ಲಾ ವಾರ್ಡಿನವರೂ ಇದನ್ನ ಕಲೀಬೇಕು. ನಾಳೆಯಿಂದ ದಿನಾ ಹತ್ತು ಗಂಟೆಗೆ ಒಂದೊಂದು ತಂಡ ಕಳಿಸ್ತೀನಿ. ಟೇಪು ಕಿತ್ತು, ಬಾಗಿಲು ತೆಗೆದು, ಮತ್ತೆ ಹಚ್ಚಿ ತೋರಿಸಿ ಸಿಸ್ಟರ್."

"ಅಲ್ಲ ಸಾರ್, ತೆಗೆದ್ರೆ ಧೂಳು..."

"ಸಂಕೋಚ ಬೇಡ. ಇದು ನಿಮಗೆ ಸಿಕ್ಕ ಗೌರವ!"

ಅವರು ಹೋದ ಮೇಲೆ ನರ್ಸಮ್ಮ ಮತ್ತೆ ಸ್ಟೂಲು ಹತ್ತಿದರು. ನಾಲ್ಕನೆಯ ಸುತ್ತು. ರಟ್ಟೆ ಸೋತಿತ್ತು. ಕಣ್ಣು ಮಾತ್ರ ಕಾರಿಡಾರಿನ ಆ ತುದಿಗೆ ಹೋಯಿತು. ಅಲ್ಲಿ ಮುರಿದ ಮಂಚಗಳನ್ನು ಒಟ್ಟಿದ ಕೋಣೆ; ಧೂಳು ಹೊಕ್ಕರೂ ಕೆಮ್ಮುವವರಿಲ್ಲ. ಬಾಗಿಲು ಇಷ್ಟೇ ಅಗಲ, ಇದೇ ಬಣ್ಣ.

"ಏನ್ ಸಿಸ್ಟರ್, ನಗ್ತಿದ್ದೀರಿ?" ಗುಮಾಸ್ತ ಕೇಳಿದ.

"ಏನಿಲ್ಲಪ್ಪ, ನಾಳೆ ಆ ತಂಡಕ್ಕಿಂತ ಒಂದು ಗಂಟೆ ಮುಂಚೆ ಬರಬೇಕು," ಎಂದು ನರ್ಸಮ್ಮ ಇನ್ನೊಂದು ಉರುಳೆ ಟೇಪನ್ನು ಜೇಬಿಗೆ ಇಳಿಸಿದರು.