ಸೊಂಟದ ಐದು ಎಲುಬು

ನೋವಿಗೂ ಮಾನ ಮರ್ಯಾದೆ ಇರುತ್ತದೆ ಎಂದು ನನಗೆ ಗೊತ್ತಾದದ್ದು ನಮ್ಮ ಯಜಮಾನರ ಸೊಂಟ ಹಿಡಿದುಕೊಂಡಾಗ. ಅದಕ್ಕೂ ಮುಂಚೆ ವರ್ಷಗಟ್ಟಲೆ ನನ್ನ ಸೊಂಟ ನೋಯುತ್ತಿತ್ತು. ಆದರೆ ಮನೆಯಲ್ಲಿ ಅದನ್ನು ನೋವು ಎಂದು ಯಾರೂ ಒಪ್ಪಿರಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟಿಗೆ ಸೀನುವುದು ಎಷ್ಟು ಸಹಜವೋ, ಹೆಂಗಸಿಗೆ ಸೊಂಟ ನೋಯುವುದೂ ಅಷ್ಟೇ ಸಹಜ. "ಸೊಂಟಾ ಭಾಳ ನೋಯಾಕತ್ತೈತ್ರಿ" ಎಂದರೆ ಇವರು ಪೇಪರಿನಿಂದ ತಲೆ ಎತ್ತದೆ "ಮುಲಾಮ ಹಚ್ಚಿಕೋ" ಅನ್ನುತ್ತಿದ್ದರು. ಹಚ್ಚಿಕೊಳ್ಳಲು ಕೈ ಹಿಂದೆ ತಿರುಗಿಸಿದರೆ ಭುಜವೂ ನೋಯುತ್ತಿತ್ತು. ಅದನ್ನು ನಾನು ಹೇಳಲಿಲ್ಲ, ಹೇಳಿದ್ದರೆ ಅದಕ್ಕೂ ಮುಲಾಮೇ ಬರುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ, ನಾನು ಶಾಲೆಗೆ ಪಾಠ ಮಾಡಲು ಹೊರಡುವ ಗಡಿಬಿಡಿಯಲ್ಲಿದ್ದಾಗ, ಇವರು ಜನ್ಮದಲ್ಲಿ ಮೊದಲ ಸಲ ಗ್ಯಾಸ್ ಸಿಲಿಂಡರ್ ಎತ್ತಿದರು. ಎತ್ತಿದರು ಎನ್ನುವುದಕ್ಕಿಂತ ಎತ್ತಲು ಬಾಗಿದರು, ಬಾಗಿದವರು ಹಾಗೇ ಉಳಿದರು. "ಯಪ್ಪಾ, ಸತ್ತೆ!" ಎಂಬ ಕೂಗಿಗೆ ಓಣಿಯೇ ಬಂತು. ಮಧ್ಯಾಹ್ನದ ಹೊತ್ತಿಗೆ ರಾಣೆಬೆನ್ನೂರಿನಿಂದ ಅತ್ತೆಯವರು ಬಂದಿಳಿದು, "ನನ್ನ ಮಗನ ಕೈಲೆ ಸಿಲಿಂಡರ್ ಎತ್ತಿಸಿದೇನವಾ?" ಎಂದು ಕೇಳಿದರು. ಅಂದಿನಿಂದ ಇವರನ್ನು ಹಾಸಿಗೆಯಿಂದ ಎಬ್ಬಿಸುವುದು, ಬಚ್ಚಲಿಗೆ ಒಯ್ಯುವುದು, ನೋಡಲು ಬಂದವರಿಗೆಲ್ಲ ಚಹಾ ಮಾಡುವುದು ನನ್ನ ಪಾಲಿಗೆ ಬಂತು. ಒಂದು ದಿನ ಎಬ್ಬಿಸುವಾಗ ನನ್ನ ಸೊಂಟದಲ್ಲಿ ಛಳಕ್ಕೆಂದು, ನೋವು ತೊಡೆಯಿಂದ ಕಾಲಿನ ಹೆಬ್ಬೆರಳಿನವರೆಗೆ ಇಳಿಯಿತು. ಕಾಲು ಜೋಮು ಹಿಡಿಯಿತು.

"ಲಗೂ ಎಬ್ಬಸ, ಯಾಕ ನಿಂತಿ?" ಎಂದರು ಇವರು.

ಹಾವೇರಿಯ ಎಲುಬಿನ ಡಾಕ್ಟರು ಇವರಿಗೆ ಸ್ಕ್ಯಾನ್ ಬರೆದರು. ನಾನು ಕಾಲೆಳೆದುಕೊಂಡು ಬಂದದ್ದನ್ನು ಕಂಡು, "ಅಕ್ಕಾರ, ನಿಮಗೇನಾಗೇತ್ರಿ?" ಎಂದು ಕೇಳಿ ನನಗೂ ಬರೆದರು. ಹಾಗೆ ಕೇಳಿದ ಮೊದಲ ಗಂಡಸು ಅವರು. ನನಗೆ ಅಲ್ಲೇ ಅಳು ಬಂತು. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಬೆನ್ನೆಲುಬು ಹಿಡಿದು ಅವರು ವಿವರಿಸಿದರು. ಸೊಂಟದಲ್ಲಿ ಐದು ಎಲುಬು, ಬೆನ್ನಿನ ಎಲುಬುಗಳಲ್ಲೇ ದಪ್ಪನೆಯವು, ಏಕೆಂದರೆ ಮೇಲಿನ ಭಾರವೆಲ್ಲ ಅವುಗಳ ಮೇಲೆ. ಒಂದೊಂದರ ನಡುವೆ ಮೆತ್ತೆಯಂಥ ಡಿಸ್ಕು. "ಕೆಳಗಿನೆರಡಕ್ಕ ಭಾಳ ತ್ರಾಸ್ರಿ. ಅಲ್ಲೇ ಡಿಸ್ಕ್ ಸರದು ಕಾಲಿನ ನರಾ ಒತ್ತತದ." ನಾನು ಆ ಕೆಳಗಿನೆರಡನ್ನೇ ನೋಡುತ್ತ ಕೂತೆ. ಇವರು ಇಡೀ ಬೆನ್ನೆಲುಬನ್ನು ತೆಗೆದುಕೊಂಡು, ತಮ್ಮದೇ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದರು.

ಸಂಜೆ ಫಿಲ್ಮುಗಳು ಬಂದವು. ಡಾಕ್ಟರು ಎರಡನ್ನೂ ದೀಪಕ್ಕೆ ಹಿಡಿದು ನೋಡಿದರು. "ಸಾಹೇಬ್ರ, ನಿಮಗೇನೂ ಆಗಿಲ್ಲ. ಬರೇ ಸ್ನಾಯು ಹಿಡಕೊಂಡೈತಿ. ಅಕ್ಕಾರದು ನಾಲ್ಕನೇ ಐದನೇ ಎಲುಬಿನ ನಡುವಿನ ಡಿಸ್ಕ್ ಸರದೈತಿ. ಭಾರ ಎತ್ತಂಗಿಲ್ಲ. ಕಾಲಿನ ಶಕ್ತಿ ಕಡಿಮಿ ಆದ್ರ ಆಪರೇಷನ್ ಮಾಡಬೇಕಾಗತದ."

ಇವರ ಮುಖ ಕಪ್ಪಿಟ್ಟಿತು. ನನ್ನ ಸಲುವಾಗಿ ಎಂದುಕೊಂಡೆ. "ಫಿಲ್ಮ್ ಅದಲಿಬದಲಿ ಆಗಿಲ್ಲಲ್ರಿ?" ಎಂದು ಡಾಕ್ಟರನ್ನು ಕೇಳಿದರು. ಬಾಡಿಗೆ ಕಾರಿನಲ್ಲಿ ಬ್ಯಾಡಗಿವರೆಗೂ ತಮ್ಮ ಫಿಲ್ಮಿನ ಮೇಲಿನ ಹೆಸರನ್ನೇ ಮತ್ತೆ ಮತ್ತೆ ಓದಿಕೊಂಡರು.

ಈಗ ಹಾಸಿಗೆ ನನ್ನದು. ಇವರು ಅನ್ನ ಮಾಡುತ್ತಾರೆ, ಸಾರು ಖಾನಾವಳಿಯಿಂದ ತರುತ್ತಾರೆ. ನನ್ನನ್ನು ನೋಡಲು ಬಂದವರು ಬಾಗಿಲಲ್ಲೇ ಇವರ ಕೈ ಹಿಡಿದು, "ಪಾಪ, ಒಬ್ಬಾಂವನ ಎಲ್ಲಾ ಮಾಡಾಕತ್ತೀಯಲ್ಲೋ" ಎಂದು ಮರುಗಿ, ಚಹಾ ಕುಡಿದು ಹೋಗುತ್ತಾರೆ. ಮೊನ್ನೆ ಅತ್ತೆಯವರು ಬಂದು ನನ್ನ ಹಾಸಿಗೆಯ ಅಂಚಿನಲ್ಲಿ ಕೂತು, "ನನ್ನ ಮಗ ಎಷ್ಟ ಸೊರಗ್ಯಾನ ನೋಡವಾ" ಎಂದು ಕಣ್ಣೊರೆಸಿಕೊಂಡರು.

ಬಾಯಿಗೆ ಬಂದದ್ದು ಬಹಳ ಇತ್ತು. "ಹೌದ್ರಿ ಅತ್ತಿ, ಭಾಳ ಸೊರಗ್ಯಾರ" ಎಂದೆ. ಎಂದ ಮೇಲೆ ಕತ್ತು ಹೊರಳಿಸಿ ಇವರ ಮುಖ ನೋಡಿದೆ. ಏನು ಹೇಳಲಿ, ನನಗೂ ಖರೇನೇ ಹಾಗೇ ಕಂಡಿತು.