ಕೂಗುವ ಸ್ಪ್ರಿಂಗು

ಇಲಿ ತಿಂದದ್ದು ಬರೀ ಒಂದು ಕಾಲರು. ಆದರೆ ಅದು ಸೋಫಾ ಮೇಸ್ತ್ರಿಯ ಹೆಂಡತಿಯ ಯೂನಿಫಾರ್ಮಿನ ಕಾಲರು.

"ರೀ, ಸ್ವಲ್ಪ ಬನ್ನಿ ಇಲ್ಲಿ."

ಆ ದನಿ ಕೇಳಿಯೇ ಮೇಸ್ತ್ರಿ ಬಾಯಿ ತುಂಬ ಹಲ್ಲುಪುಡಿಯ ನೊರೆ ಇಟ್ಟುಕೊಂಡು ಓಡಿಬಂದ. ಅವನ ಹೆಂಡತಿ ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ಅವಳು ಎತ್ತಿ ಹಿಡಿದಿದ್ದ ಬಿಳಿ ಕೋಟಿನ ಕೊರಳು ಹಳೆಯ ಅಂಚೆ ಚೀಟಿಯ ಅಂಚಿನ ಹಾಗೆ ಕಚ್ಚುಕಚ್ಚಾಗಿತ್ತು.

"ಮೊನ್ನೆ ಸೋಪು ತಿಂತು, ಸುಮ್ಮನಿದ್ದೆ. ಚಪ್ಪಲಿ ಪಟ್ಟಿ ತಿಂತು, ಆಗಲೂ ಸುಮ್ಮನಿದ್ದೆ. ಈಗ ಮೇಟ್ರನ್ ಎದುರಿಗೆ ಹೇಗ್ರೀ ನಿಂತ್ಕೊಳ್ಳಲಿ?"

"ಸ್ಕಾರ್ಫ್ ಸುತ್ಕೊಂಡ್ರೆ ಕಾಣಲ್ಲ ಕಣೇ."

"ಈ ಸೆಖೇಲಿ ಸ್ಕಾರ್ಫು!" ಎನ್ನುತ್ತಲೇ ಅವಳು ಸುತ್ತಿಕೊಂಡಳು. ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು. "ಸಾಯಂಕಾಲ ನಾನು ಬರೋ ಹೊತ್ತಿಗೆ ಈ ಮನೇಲಿ ಒಂದೋ ಅದಿರಬೇಕು, ಇಲ್ಲಾ ನಾನಿರಬೇಕು. ಅದಿದ್ರೆ ನಾನು ನೆಟ್ಟಗೆ ಅಕ್ಕನ ಮನೆಗೆ. ಹೇಳಿಬಿಟ್ಟಿದ್ದೀನಿ."

ಮೇಸ್ತ್ರಿ ಬಾಯಲ್ಲಿದ್ದ ನೊರೆಯನ್ನು ನುಂಗಿಬಿಟ್ಟ. ಮಾತೆತ್ತಿದರೆ ಅಕ್ಕನ ಮನೆ ಎನ್ನುವ ಹೆಂಡತಿಯರು ಎಲ್ಲೂ ಹೋಗುವುದಿಲ್ಲ. ಇವಳು ಮದುವೆಯಾದಾಗಿನಿಂದ ಒಮ್ಮೆಯೂ ಆ ಮಾತು ಆಡಿದವಳಲ್ಲ. ಹಾಗಾಗಿ ಹೇಳಿದಳೆಂದರೆ ಹೋಗಿಯೇಬಿಡುತ್ತಾಳೆ. ಅವಳಿಲ್ಲದ ಮನೆಯಲ್ಲಿ ತಾನು ದಾರವಿಲ್ಲದ ಸೂಜಿ, ಎಷ್ಟು ಚುಚ್ಚಿದರೂ ಒಂದು ಹೊಲಿಗೆ ಬೀಳದು ಎಂಬುದು ಅವನಿಗೆ ಗೊತ್ತಿತ್ತು.

ಇನ್ನೊಂದು ಸಂಕಟವೂ ಅದೇ ದಿನಕ್ಕೆ ಕಾದಿತ್ತು. ಅವರ ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಅದರ ನಡುವೆ ಟೀಚರಮ್ಮನ ಸೋಫಾ ಆನೆಯಂತೆ ಕೂತಿತ್ತು. ಅದನ್ನು ಅಂದು ಮಧ್ಯಾಹ್ನವೇ ತಲುಪಿಸಬೇಕಿತ್ತು. ಬೀದಿಯ ಕೊನೆಯ ಮನೆಯ ಟೀಚರಮ್ಮ, ಮೇಸ್ತ್ರಿ ಹುಡುಗನಾಗಿದ್ದಾಗ ಹಗಲು ಗರಗಸ ಹಿಡಿದು ಸಂಜೆ ಓದಿದ ಸಂಜೆ ಶಾಲೆಯಲ್ಲಿ ಅವನಿಗೆ ಪಾಠ ಹೇಳಿದವರು. ಈಗ ಅವನ ತಲೆಯೇ ನರೆತಿದ್ದರೂ ಅವರನ್ನು ಕಂಡರೆ ಕೈ ತಾನಾಗಿ ಕಟ್ಟಿಕೊಳ್ಳುತ್ತಿತ್ತು. ಸುಳ್ಳು ಹೇಳಬಾರದೆಂದು ಕಲಿಸಿದವರೂ ಅವರೇ.

"ಕೂತ್ರೆ ಸ್ಪ್ರಿಂಗ್ ಕೀ ಕೀ ಅಂತ ಕೂಗತ್ತೆ ಕಣೋ" ಎಂದು ಅವರು ಹೋದ ವಾರ ಸೋಫಾ ಕಳಿಸಿದ್ದರು. ಮೇಸ್ತ್ರಿ ಕೂರುವ ಜಾಗವನ್ನೆಲ್ಲ ಬಿಚ್ಚಿದ. ಸ್ಪ್ರಿಂಗುಗಳು ಒಂದಕ್ಕಿಂತ ಒಂದು ಗಟ್ಟಿಯಾಗಿದ್ದವು. ಬೇರೆಯವರಾದರೆ ಸಂತೋಷಪಡುತ್ತಿದ್ದರು. ಮೇಸ್ತ್ರಿಯ ನಿದ್ದೆ ಹಾರಿಹೋಯಿತು. ಟೀಚರಮ್ಮ ತಪ್ಪಿರಲಾರರು, ಹಾಗಾದರೆ ತಪ್ಪು ತನ್ನ ಕಿವಿಯದೇ ಇರಬೇಕು. ಕೊನೆಗೆ, ಇರಲಿ ಎಂದು, ಎಲ್ಲ ಸ್ಪ್ರಿಂಗುಗಳನ್ನೂ ಹೊಸದಾಗಿ ಹಾಕಿದ. ತೋಳುಗಳ ಬಟ್ಟೆ ಚೆನ್ನಾಗಿಯೇ ಇದ್ದುದರಿಂದ ಅವುಗಳನ್ನು ಮುಟ್ಟಿರಲಿಲ್ಲ.

ಹೆಂಡತಿ ಬೀದಿ ತಿರುವಿನಲ್ಲಿ ಮರೆಯಾದಳೋ ಇಲ್ಲವೋ, ಪಕ್ಕದ ಕ್ಷೌರದಂಗಡಿಯವನು ಒಳಗೆ ಬಂದ. ಕತ್ತರಿ ನಿಂತರೂ ಬಾಯಿ ನಿಲ್ಲದ ಕಾರಣ ಬೀದಿಯವರು ಅವನನ್ನು ರೇಡಿಯೋ ಎನ್ನುತ್ತಿದ್ದರು.

"ಏನ್ ಮೇಸ್ತ್ರೀ, ಅಕ್ಕನ ಮನೆ ವಿಚಾರ ಕಿವಿಗೆ ಬಿತ್ತು?"

"ನಿನ್ ಕಿವಿ ನಮ್ಮನೆ ಗೋಡೇಲೇ ಇದ್ಯೇನಯ್ಯಾ?"

"ಗೋಡೆ ತೆಳ್ಳಗಿದೆ, ನಾನೇನ್ ಮಾಡ್ಲಿ! ಇಲಿ ತಾನೇ? ಅದು ಹಿಂದಿನ ಬೀದಿ ಬೇಕರಿಯಿಂದ ಬಂದಿರೋದು, ಬರೆದಿಟ್ಕೋ. ಅಂಟು ಹಲಗೆ ಇಡು. ಇಲಿ ಕಾಲಿಟ್ಟಿತೋ, ಮುಗೀತು, ಫೋಟೋ ಥರ ನಿಂತುಬಿಡತ್ತೆ."

ರೇಡಿಯೋ ತಾನೇ ಅಂಗಡಿಯಿಂದ ಅಂಟು ಹಲಗೆ ತಂದು ಬಾಗಿಲ ಮೂಲೆಯಲ್ಲಿ ಇಟ್ಟ. ಮೇಸ್ತ್ರಿ ಸೋಫಾದ ಅಡಿಬಟ್ಟೆಗೆ ಮೊಳೆ ಹೊಡೆಯುತ್ತ, ಬಾಯಲ್ಲಿ ಮೊಳೆ ಕಚ್ಚಿಕೊಂಡು, ಹಿಂದಕ್ಕೆ ಸರಿದು ಕೆಲಸ ನೋಡಲು ಹೋದ. ಎಡಗಾಲು ಸೀದಾ ಹಲಗೆಯ ಮೇಲೆ. ಬಿಡಿಸಿಕೊಳ್ಳಲು ಕೈ ಹಾಕಿದ, ಕೈಯೂ ಸೇರಿತು. ಕೂತು ಎಳೆಯೋಣವೆಂದು ಮುಕ್ಕಾಲಿ ಎಳೆದುಕೊಂಡರೆ ಮುಕ್ಕಾಲಿಯೂ ಸಂಸಾರಕ್ಕೆ ಸೇರಿಕೊಂಡಿತು.

"ಅಲುಗಾಡಬೇಡ" ಎಂದ ರೇಡಿಯೋ ಗಂಭೀರವಾಗಿ. "ಹಲಗೆ ಒಳ್ಳೇದು ಅಂತ ಗೊತ್ತಾಯ್ತಲ್ಲ."

ಅರ್ಧ ಬಾಟಲಿ ಅಡುಗೆ ಎಣ್ಣೆ ಸುರಿದ ಮೇಲೆ ಮೇಸ್ತ್ರಿ ಬಿಡುಗಡೆಯಾದ. ಇಲಿ ಮಾತ್ರ ಆ ಕಡೆ ತಲೆ ಹಾಕಲಿಲ್ಲ.

"ಇನ್ನೊಂದು ಉಪಾಯ ಇದೆ" ಎಂದು ರೇಡಿಯೋ ತನ್ನ ಬೆಕ್ಕನ್ನು ಎತ್ತಿ ತಂದ. ಅಂಗಡಿಯ ಕನ್ನಡಿಯ ಮುಂದೆ ದಿನವಿಡೀ ತನ್ನನ್ನೇ ನೋಡಿಕೊಂಡು ಕೂರುವ, ತಾಸಿಗೊಮ್ಮೆ ಹಾಲು ಕುಡಿಯುವ ಬೆಕ್ಕು. ಕೆಳಗೆ ಬಿಟ್ಟದ್ದೇ ತಡ, ಅದು ಸೋಫಾದ ಬಲತೋಳಿನ ಮೇಲೆ ಹಾರಿ ಕೂತಿತು. ಮೇಸ್ತ್ರಿ ಅಡುಗೆಮನೆಯಲ್ಲಿಟ್ಟ, ಮತ್ತೆ ತೋಳಿಗೆ ಬಂತು. ಮಂಚದ ಕೆಳಗೆ ತಳ್ಳಿದ, ಮತ್ತೆ ತೋಳು. ಅಲ್ಲೇ ಮುಖ ಊರಿ, ಮೀಸೆ ನಡುಗಿಸುತ್ತ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ ಕೂತಿತು.

"ಇದು ಬೆಕ್ಕಲ್ಲಯ್ಯಾ, ದಿಂಬು" ಎಂದ ಮೇಸ್ತ್ರಿ.

"ದೊಡ್ಡ ಮನೆತನದ್ದು. ಮೆತ್ತಗಿರೋ ಕಡೆ ಮಾತ್ರ ಕೂರೋದು."

ಮಧ್ಯಾಹ್ನ ತಳ್ಳುಗಾಡಿಯವನು ಬಂದ. ಬೆಕ್ಕನ್ನು ಕಿತ್ತು ಕೆಳಗಿಳಿಸಿ ಸೋಫಾವನ್ನು ಗಾಡಿಗೇರಿಸಿ ಹಗ್ಗ ಬಿಗಿದರು. ಗಾಡಿ ಹೊರಟಿತು. ಮನೆಯೊಳಗೆ ಬಂದು ಇಲಿಯ ಕೆಲಸಕ್ಕೆ ಮತ್ತೆ ಸೊಂಟ ಕಟ್ಟಬೇಕೆನ್ನುವಾಗ ಹೊರಗಿನಿಂದ ರೇಡಿಯೋನ ದನಿ.

"ಅಲ್ಲಾ ಮೇಸ್ತ್ರೀ, ನಮ್ ಬೆಕ್ಕು ಗಾಡಿ ಹಿಂದೆ ಯಾಕೆ ಓಡ್ತಿದೆ?"

ಮೇಸ್ತ್ರಿ ಬಾಗಿಲಿಗೆ ಬಂದು ನೋಡಿದ. ಜನ್ಮದಲ್ಲಿ ಓಡದ ಬೆಕ್ಕು ಬಾಲ ಎತ್ತಿ, ಸೋಫಾದ ಬಲತೋಳಿನ ಮೇಲೆ ಕಣ್ಣಿಟ್ಟು ಓಡುತ್ತಿತ್ತು.

"ಅಯ್ಯಯ್ಯೋ! ಇಲಿ ಸೋಫಾದೊಳಗೆ ಸೇರ್ಕೊಂಡಿದೆ! ನಾನೇ ಅಡಿಬಟ್ಟೆ ಹೊಡೆದು ಕೂಡಿಹಾಕಿದ್ದೀನಿ!"

"ಹೋಯ್ತಲ್ಲ ಮಾರಾಯಾ!" ರೇಡಿಯೋ ಅವನ ಬೆನ್ನಿಗೆ ಗುದ್ದಿದ. "ಖರ್ಚಿಲ್ದೆ ಸಾಗಹಾಕ್ದೆ. ಅತ್ತಿಗೆ ಇನ್ನೆಲ್ಲೂ ಹೋಗಲ್ಲ. ಬಾಯಿ ಮುಚ್ಕೊಂಡಿರು."

ಒಂದು ಗಳಿಗೆ ಮೇಸ್ತ್ರಿ ಬಾಯಿ ಮುಚ್ಚಿಕೊಂಡೇ ಇದ್ದ. ಆ ಗಳಿಗೆ ಬಲು ಸುಖವಾಗಿತ್ತು. ಸಾಯಂಕಾಲ ಹೆಂಡತಿ ಬರುತ್ತಾಳೆ, ಸ್ಕಾರ್ಫ್ ಬಿಚ್ಚುತ್ತಾಳೆ, ನಗುತ್ತಾಳೆ. ಆಮೇಲೆ ಟೀಚರಮ್ಮ ಒಬ್ಬರೇ ಆ ಸೋಫಾದ ಮೇಲೆ ಕೂತು ಕನ್ನಡಕ ಹಾಕಿಕೊಳ್ಳುವುದು ಕಣ್ಣಿಗೆ ಬಂತು. ಬೀದಿಗೇ ಗುರುತಾದ ಆ ನೇರಳೆ ಬಣ್ಣದ ಉಣ್ಣೆ ಶಾಲು ಹೊದ್ದು ಕೂತಿರುತ್ತಾರೆ. ಇಲಿ ಒಳಗಿನಿಂದ ಬಂದು ಅದನ್ನೇ ಕಚ್ಚಿದರೆ? ತನಗೆ ಅಕ್ಷರ ಕಲಿಸಿದವರಿಗೆ ತಾನು ಇಲಿ ತಲುಪಿಸುವುದೇ?

"ನನ್ನ ಕೈಲಾಗಲ್ಲಯ್ಯಾ" ಎಂದು ಅವನು ಓಡಿದ.

ಅವನು ಏದುಸಿರು ಬಿಡುತ್ತ ತಲುಪಿದಾಗ ಸೋಫಾ ಆಗಲೇ ಒಳಗಿತ್ತು. ಬೆಕ್ಕು ಕಿಟಕಿಯ ಸರಳು ಹಿಡಿದು ನೇತಾಡುತ್ತಿತ್ತು. ತಳ್ಳುಗಾಡಿಯವನು ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಟೀಚರಮ್ಮ ಹೊಸದೊಂದು ಹಸಿರು ಶಾಲು ಹೊದ್ದಿದ್ದರು. "ಹಳೇದು ಹರಿದುಹೋಯ್ತು ಕಣೋ" ಎಂದು, ಕೇಳದೆಯೇ ಹೇಳಿ, ಸೋಫಾದ ಮೇಲೆ ಕೂತರು.

ಕೀ ಕೀ ಕೀ.

ಟೀಚರಮ್ಮನ ಮುಖ ಬಿಳಿಚಿಕೊಂಡಿತು. ಮೇಸ್ತ್ರಿಯದು ಮೊದಲೇ ಬಿಳಿಚಿತ್ತು. ಅವರು ಬಲತೋಳಿಗೆ ಕಿವಿ ಕೊಟ್ಟು ಆಲಿಸಿ, ತಟ್ಟನೆ ಎದ್ದು ನಿಂತರು.

"ಏನೋ ಇದು, ಇನ್ನೂ ಕೂಗ್ತಿದೆ!"

ನಿಜ ಹೇಳಬೇಕೆಂದೇ ಮೇಸ್ತ್ರಿ ಓಡಿಬಂದಿದ್ದ. ಆದರೆ ಆ ಕನ್ನಡಕದ ಎದುರು ನಾಲಿಗೆ ತಿರುವಿಕೊಂಡಿತು. "ಸ್ಪ್ರಿಂಗು ಟೀಚರ್" ಎಂದುಬಿಟ್ಟ. ಸಂಜೆ ಶಾಲೆ ಬಿಟ್ಟ ಮೇಲೆ ಅವರಿಗೆ ಅವನು ಹೇಳಿದ ಮೊದಲ ಸುಳ್ಳು ಅದು. ಕಿವಿ ಕೆಂಪಾಯಿತು. "ಒಂದು ಸ್ಪ್ರಿಂಗ್ ಸರಿಯಾಗಿ ಕೂತಿಲ್ಲ. ದಯವಿಟ್ಟು ವಾಪಸ್ ಕೊಡಿ, ಸರಿ ಮಾಡ್ತೀನಿ. ಇಲ್ಲ ಅನ್ಬೇಡಿ ಟೀಚರ್."

ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಬೈಗುಳ ಬರಲಿಲ್ಲ.

"ಸ್ಪ್ರಿಂಗೇ ಕಣೋ! ಸ್ಪ್ರಿಂಗಲ್ಲದೆ ಮತ್ತಿನ್ನೇನು?" ಟೀಚರಮ್ಮ ಅವಸರ ಅವಸರವಾಗಿ ಹೇಳಿದರು. "ತಗೊಂಡು ಹೋಗು. ಈಗಲೇ. ಏಯ್ ಗಾಡಿಯಪ್ಪಾ, ಹಿಡಿ ಆ ಕಡೆ!" ಎಂದು ಆ ವಯಸ್ಸಿನಲ್ಲಿ ತಾವೇ ಸೋಫಾಕ್ಕೆ ಹೆಗಲು ಕೊಟ್ಟು ಬಾಗಿಲವರೆಗೆ ನೂಕಿದರು.

ಎಂಥ ದೊಡ್ಡ ಮನಸ್ಸು! ಮೇಸ್ತ್ರಿಯ ಕಣ್ಣು ತುಂಬಿ ಬಂತು.

"ಅಣ್ಣಾ, ಈ ಸೋಫಾಗೆ ಊರು ತೋರಿಸ್ತಿದ್ದೀವಾ ನಾವು?" ಎಂದು ತಳ್ಳುಗಾಡಿಯವನು ದಾರಿಯುದ್ದಕ್ಕೂ ಗೊಣಗಿದ. ಹಿಂದೆ ಬೆಕ್ಕು, ಮದುವೆ ದಿಬ್ಬಣಕ್ಕೆ ಬಂದಂತೆ, ಠೀವಿಯಿಂದ ನಡೆದು ಬಂತು.

ಮನೆಯಲ್ಲಿ ರೇಡಿಯೋ ಬೆಕ್ಕನ್ನು ಕಂಕುಳಲ್ಲಿ ಅದುಮಿ ಹಿಡಿದ. ಮೇಸ್ತ್ರಿ ಅಡಿಬಟ್ಟೆ ಕಿತ್ತ, ಏನಿಲ್ಲ. ಕೂರುವ ಜಾಗ ಬಿಚ್ಚಿದ, ಹೊಸ ಸ್ಪ್ರಿಂಗುಗಳು ಅವನನ್ನೇ ಪಿಳಿಪಿಳಿ ನೋಡಿದವು. ಕೊನೆಗೆ ಬಲತೋಳಿನ ಬಟ್ಟೆಯ ಹೊಲಿಗೆ ಬಿಚ್ಚಿ ಬಗ್ಗಿ ನೋಡಿದ.

ಒಳಗೆ ಒಂದು ಗೂಡು. ಅದರಲ್ಲಿ ಹೆಬ್ಬೆಟ್ಟಿನ ಉಗುರಿನಷ್ಟೇ ಇರುವ, ಕಣ್ಣು ಬಿಡದ ಗುಲಾಬಿ ಮರಿಗಳ ರಾಶಿ. ಪಕ್ಕದಲ್ಲಿ ತಾಯಿ ಇಲಿ, ಓಡದೆ, ಅವುಗಳ ಮೇಲೆ ಮೈ ಹರಡಿಕೊಂಡು ಮೇಸ್ತ್ರಿಯನ್ನು ದಿಟ್ಟಿಸುತ್ತಿತ್ತು. ಗೂಡಿನ ಮೇಲ್ಪದರ ಬಿಳಿ ನೂಲು, ಇಂದಿನ ಕಾಲರು. ಅದರ ಕೆಳಗೆ, ಒತ್ತಿ ಒತ್ತಿ ಹಳತಾಗಿ ಮೆತ್ತಗಾಗಿದ್ದ ಉಣ್ಣೆ.

"ಈ ನೇರಳೆ ಬಣ್ಣ ಎಲ್ಲೋ ನೋಡಿದ್ದೀನಲ್ಲ" ಎಂದ ರೇಡಿಯೋ.

ಮೇಸ್ತ್ರಿ ಮೆಲ್ಲಗೆ ನೆಲದ ಮೇಲೆ ಕೂತ. ಗಟ್ಟಿ ಸ್ಪ್ರಿಂಗುಗಳು, ಹಸಿರು ಶಾಲು, ಟೀಚರಮ್ಮ ಕೊಟ್ಟ ಹೆಗಲು, ಎಲ್ಲ ಒಂದೊಂದಾಗಿ ತಲೆಯೊಳಗೆ ಬಂದು ಸಾಲಾಗಿ ನಿಂತವು. ಇಲಿ ಬೇಕರಿಯಿಂದ ಬಂದದ್ದಲ್ಲ. ಸೋಫಾದ ಜೊತೆಗೇ ಬಂದದ್ದು.

ಅಷ್ಟರಲ್ಲಿ ಗಾಡಿಯವನು ಮತ್ತೆ ಪ್ರತ್ಯಕ್ಷನಾದ. ಕೈಯಲ್ಲಿ ಒಂದು ತಂತಿಯ ಇಲಿಬೋನು.

"ಹಗ್ಗ ಮರೆತು ಬಂದಿದ್ದೆ, ತರೋಕೆ ಹೋದ್ರೆ ಟೀಚರಮ್ಮ ಇದನ್ನ ಕೊಟ್ರು. ನಮಗಿನ್ನು ಬೇಕಾಗಲ್ಲ, ಪಾಪ ಅವನಿಗೆ ಬೇಕಾಗತ್ತೆ ಅಂದ್ರು. ಸೋಫಾಗೇನೂ ಅವಸರ ಇಲ್ವಂತೆ. ಎಷ್ಟು ದಿನ ಬೇಕಾದ್ರೂ ಇಟ್ಕೊಳ್ಳಲಿ ಅಂದ್ರು."

"ಬೀದೀಲಿ ಹೋಗ್ತಿದ್ದ ಮಾರೀನ ಬಾ ಅಂತ ಮನೆಗೆ ಕರ್ಕೊಂಡು ಬಂದ್ಯಲ್ಲೋ!" ರೇಡಿಯೋ ತಲೆ ಚಚ್ಚಿಕೊಂಡ. "ಅದೂ ಕೈ ಮುಗಿದು ಬೇಡ್ಕೊಂಡು!"

ಹೊರಗೆ ಪರಿಚಿತ ಚಪ್ಪಲಿಯ ಸದ್ದು. ರೇಡಿಯೋ ಬೆಕ್ಕಿನ ಸಮೇತ ಹಿಂದಿನ ಬಾಗಿಲಿಂದ ಮಾಯವಾದ. ಗಾಡಿಯವನು ಬೋನನ್ನು ಮೇಸ್ತ್ರಿಯ ಕೈಗೆ ತುರುಕಿ ನಡೆದುಬಿಟ್ಟ.

ಹೆಂಡತಿ ಒಳಗೆ ಬಂದಳು. ಬೆವರಿ ಒದ್ದೆಯಾದ ಸ್ಕಾರ್ಫು, ಕರುಳು ಕಿತ್ತ ಸೋಫಾ, ಕೈಯಲ್ಲಿ ಬೋನು ಹಿಡಿದು ಕಳ್ಳನಂತೆ ಕೂತ ಗಂಡ. ಅವಳು ಬಗ್ಗಿ ತೋಳಿನೊಳಗೆ ನೋಡಿದಳು.

ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಅಟ್ಟದಿಂದ ಪೆಟ್ಟಿಗೆ ಇಳಿಸುವ ಸದ್ದಿಗೆ ಕಾದ. ಸದ್ದು ಬರಲಿಲ್ಲ.

"ಯಾವಾಗ್ರೀ ಹೆರಿಗೆ ಆಗಿದ್ದು?"

"ಆಂ?"

"ನಿನ್ನೆ ರಾತ್ರೀದು. ಹೊಕ್ಕುಳು ಈಗ ಒಣಗ್ತಿದೆ" ಎಂದು ಅವಳೇ ಹೇಳಿಕೊಂಡಳು. ದನಿ ವಾರ್ಡಿನ ದನಿಯಾಗಿತ್ತು. "ಏಳು ಮರಿ! ಎಲ್ಲಾ ಆರೋಗ್ಯವಾಗಿವೆ. ಪಾಪ, ತುಂಬಿದ ಬಸುರಿ, ಹಾಸಿಗೆಗೆ ಬೇಕಾಗಿತ್ತು, ಕಾಲರ್ ತಗೊಂಡಿದೆ. ಬಾಯಿ ಬಿಟ್ಟು ಕೇಳೋಕಾಗತ್ತಾ?" ಅವಳ ಕಣ್ಣು ಬೋನಿನ ಮೇಲೆ ಬಿತ್ತು. "ಏನದು ನಿಮ್ಮ ಕೈಲಿ?"

"ಇದು... ನೀನೇ ಬೆಳಿಗ್ಗೆ..."

"ಬಾಣಂತೀನ ಬೋನಿಗೆ ಹಾಕ್ತೀರಾ? ಮನುಷ್ಯರೇನ್ರೀ ನೀವು?"

ಮೇಸ್ತ್ರಿ ಬೋನನ್ನು ಬೆನ್ನ ಹಿಂದೆ ಸರಿಸಿದ. ಧೈರ್ಯ ಕೂಡಿಸಿಕೊಂಡು ಕೇಳಿದ. "ಹಾಗಾದ್ರೆ ಅಕ್ಕನ ಮನೆಗೆ ಹೋಗಲ್ವಾ?"

"ಬಾಣಂತಿ ಬಿಟ್ಟು ಎಲ್ಲಿಗ್ರೀ ಹೋಗೋದು?"

ಅವನ ಎದೆಯ ಭಾರ ಇಳಿಯಿತು. ನಗಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಅವನ ಸುತ್ತಿಗೆಯನ್ನು ಎತ್ತಿ ಹೊಸ್ತಿಲಾಚೆ ಇಟ್ಟಳು. ಮೊಳೆಯ ಡಬ್ಬಿ ಇಟ್ಟಳು. ಅಂಟು ಅಂಟಾದ ಮುಕ್ಕಾಲಿಯನ್ನೂ ಇಟ್ಟಳು.

"ಮರಿಗಳು ಕಣ್ಣು ಬಿಟ್ಟು ಓಡಾಡೋವರೆಗೂ ಈ ಕೋಣೇಲಿ ಒಂದು ಸದ್ದು ಆಗಬಾರದು."

"ಮತ್ತೆ ನನ್ನ ಕೆಲಸ ಕಣೇ?"

"ಹೊರಗೆ ಗಾಳಿ ಚೆನ್ನಾಗಿದೆ."

ಮೇಸ್ತ್ರಿ ಬೀದಿ ಬದಿಯಲ್ಲಿ ಮುಕ್ಕಾಲಿ ಹಾಕಿಕೊಂಡು ಕೂತ. ಪಕ್ಕದ ಅಂಗಡಿಯೊಳಗೆ ರೇಡಿಯೋ ಗಿರಾಕಿಯೊಬ್ಬನ ಗಲ್ಲಕ್ಕೆ ನೊರೆ ಬಳಿಯುತ್ತ ಆಗಲೇ ಕತೆ ಶುರುಮಾಡಿದ್ದ. ಬೆಕ್ಕು ಕನ್ನಡಿ ಬಿಟ್ಟು ಮೇಸ್ತ್ರಿಯ ಪಕ್ಕಕ್ಕೆ ಬಂದು ಕೂತಿತು. ಮುಚ್ಚಿದ ಬಾಗಿಲನ್ನು ಇಬ್ಬರೂ ನೋಡುತ್ತ ಕುಳಿತರು.

ಬಾಗಿಲು ಒಂದಿಷ್ಟೇ ತೆರೆಯಿತು. "ರೀ" ಎಂದು ಪಿಸುದನಿಯಲ್ಲಿ ಕರೆದಳು ಹೆಂಡತಿ. ಒಳಗೆ ಕರೆಯುತ್ತಾಳೆಂದು ಮೇಸ್ತ್ರಿ ಮುಕ್ಕಾಲಿಯ ಸಮೇತ ಎದ್ದು ನಿಂತ. ಅದರ ಅಂಟು ಇನ್ನೂ ಬಿಟ್ಟಿರಲಿಲ್ಲ.

"ಮೆಲ್ಲಗೆ! ಈಗ ತಾನೇ ಮಲಗಿವೆ" ಎಂದು ಅವಳು ಕೈ ಚಾಚಿದಳು. "ಒಂದು ಹಿಡಿ ಹತ್ತಿ ಕೊಡಿ. ನಿಮ್ಮ ಗಿರಾಕಿಗಳ ಸೋಫಾಗೆ ತುಂಬೋದಲ್ಲ, ಒಳ್ಳೇದು."